ಹಬೆಗೆ ಸಿಹಿ ಇಲ್ಲ

ಸೊಸೆ ತನ್ನ ಅತ್ತೆಯನ್ನು ಮೊದಲ ಸಲ ನೋಡಿದ್ದು ಮನೆಯಲ್ಲಲ್ಲ, ಪೆಪ್ಪರಮೆಂಟು ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ. ಆಗಿನ್ನೂ ಮದುವೆ ಗಟ್ಟಿಯಾಗಿರಲಿಲ್ಲ. ಹುಡುಗ ಬಸ್ ಕಂಡಕ್ಟರು. ಬಸ್ಸನ್ನು ಹತ್ತು ನಿಮಿಷ ನಿಲ್ಲಿಸಿ, "ಅಮ್ಮ ಇಲ್ಲೇ ಸಿಗ್ತಾಳೆ, ಬಾ" ಎಂದು ಕರೆದುಕೊಂಡು ಬಂದಿದ್ದ. ಬುಧವಾರ, ಬೆಳಗಿನ ಹನ್ನೊಂದು ಗಂಟೆ. ಅವಳು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಒಂದು ಡಜನ್ ಬಾಳೆಹಣ್ಣು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಎತ್ತರದ ಕಿಟಕಿ, ಅದಕ್ಕೆ ತಂತಿ ಬಲೆ. ನಡುವೆ ದೊಡ್ಡ ಒಲೆಯ ಮೇಲೆ ತಾಮ್ರದ ಬಾಣಲೆ, ಅದರ ಮೇಲೆ ಹಬೆ ಎಳೆಯುವ ತಗಡಿನ ಗೂಡು. ಗೋಡೆಯ ಪಕ್ಕ ಎಣ್ಣೆ ಸವರಿದ ಕಲ್ಲುಹಾಸು. ಕೋಣೆಯೆಲ್ಲ ನಿಂಬೆಯ ವಾಸನೆ. ಬಾಣಲೆಯ ಮುಂದೆ ಒಬ್ಬ ಹೆಂಗಸು ಬೆನ್ನು ಹಾಕಿ ನಿಂತಿದ್ದರು.

"ಅಮ್ಮಾ, ಇವಳೇ ಕಣಮ್ಮಾ..."

"ಇವಳು ಕಾಯ್ತಾಳೆ. ಪಾಕ ಕಾಯಲ್ಲ."

ತಿರುಗಿಯೂ ನೋಡದೆ ಆ ಹೆಂಗಸು ಎಡಗೈಯಲ್ಲಿ ತಣ್ಣೀರಿನ ಬೋಗುಣಿ ತೆಗೆದು ಹಿಂದಕ್ಕೆ ಚಾಚಿದರು. "ಇದನ್ನ ಹಿಡ್ಕೋ. ಅಲ್ಲಾಡಿಸ್ಬೇಡ." ಬಾಳೆಹಣ್ಣನ್ನು ಹುಡುಗನ ಕೈಗೆ ತುರುಕಿ ಅವಳು ಬೋಗುಣಿ ಹಿಡಿದಳು. ಆ ಹೆಂಗಸು ಮೂರು ಬೆರಳನ್ನು ತಣ್ಣೀರಿನಲ್ಲಿ ಅದ್ದಿ, ಕೊತಕೊತ ಕುದಿಯುವ ಪಾಕದೊಳಕ್ಕೆ ಸರಕ್ಕನೆ ಹಾಕಿ, ಮತ್ತೆ ತಣ್ಣೀರಿಗೆ ತಂದರು. ಅವಳು ಕಿಟಾರನೆ ಕಿರುಚಿದಳು.

"ಬೆರಳು ನನ್ನದು, ಕಿರುಚೋದು ನೀನು!" ಎಂದು ಹೆಂಗಸು ನಕ್ಕರು. ಬೆರಳಿಗೆ ಅಂಟಿದ ತುಣುಕನ್ನು ಹಿಸುಕಿ ನೋಡಿದರು. ಅದು ಟಕ್ಕನೆ ಮುರಿಯಿತು. "ಇಳಿಸಿ!" ಎಂಬ ಕೂಗಿಗೆ ಇಬ್ಬರು ಗಂಡಸರು ಓಡಿಬಂದು ಬಾಣಲೆ ಎತ್ತಿ ಕಲ್ಲಿನ ಮೇಲೆ ಸುರಿದರು. ಕಿಟಕಿಯ ಬೆಳಕಿನಲ್ಲಿ ಪಾಕ ಗಾಜಿನಂತೆ ಹರಡಿಕೊಂಡಿತು.

ಆಮೇಲೆ ಅವರು ತಿರುಗಿ, ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏನು ಓದಿದೀಯಮ್ಮ?"

"ಬಿ.ಎಸ್ಸಿ. ಸ್ಕೂಲಲ್ಲಿ ವಿಜ್ಞಾನ ಹೇಳಿಕೊಡ್ತೀನಿ."

"ನೀರು ಎಷ್ಟಕ್ಕೆ ಕುದಿಯುತ್ತೆ?"

"ನೂರು ಡಿಗ್ರಿಗೆ."

"ನನ್ನ ಬಾಣಲೆ?"

"ಅದಕ್ಕಿಂತ ಜಾಸ್ತಿ. ಸಕ್ಕರೆ ಕರಗಿದೆಯಲ್ಲ, ಅದಕ್ಕೆ."

"ಎಷ್ಟು ಜಾಸ್ತಿ?"

ಆ ಅಂಕಿ ಅವಳಿಗೆ ಗೊತ್ತಿರಲಿಲ್ಲ. ಇದೇ ಪಾಠದ ಸೂತ್ರ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದಿದ್ದಳು. ಅವಳ ಹಳ್ಳಿಯಲ್ಲಿ, ಅವಳ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ಅವಳೇ. ಆದರೆ ಕುದಿಯುವ ಪಾಕದ ಮುಂದೆ ಒಂದು ದಿನವೂ ನಿಂತಿರಲಿಲ್ಲ.

"ಹೋಗ್ಲಿ ಬಿಡು. ಕಿರುಚಿದೆ, ಆದ್ರೆ ನೀರು ಚೆಲ್ಲಲಿಲ್ಲ. ಅಷ್ಟು ಸಾಕು" ಎಂದರು ಹೆಂಗಸು. ಹುಡುಗ ಕಿವಿಯಿಂದ ಕಿವಿಯವರೆಗೆ ನಕ್ಕ. ಮಾತುಕತೆ ಅಲ್ಲಿಗೆ ಮುಗಿದಿತ್ತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಮನೆಯಲ್ಲಿ ಎರಡು ಕಾಲವೂ ಒಟ್ಟಿಗೇ ನಡೆಯಿತು. ಅತ್ತೆ ಬೆಳಿಗ್ಗೆ ಏಳೂವರೆಗೆ ಕಾರ್ಖಾನೆಗೆ, ಸೊಸೆ ಒಂಬತ್ತಕ್ಕೆ ಶಾಲೆಗೆ. ಸಂಜೆ ಇಬ್ಬರೂ ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಚಹಾ ಕುಡಿಯುತ್ತಿದ್ದರು. ಅತ್ತೆಯ ಕಥೆಯೆಲ್ಲ ಸೊಸೆಗೆ ತಿಳಿದದ್ದು ಆ ಕಟ್ಟೆಯ ಮೇಲೆಯೇ. ಗಂಡ ತೀರಿಕೊಂಡ ವರ್ಷ, ಮೂರು ವರ್ಷದ ಮಗನನ್ನು ಕಟ್ಟಿಕೊಂಡು ಅವರು ಪೆಪ್ಪರಮೆಂಟಿಗೆ ಕಾಗದ ಸುತ್ತುವ ಕೆಲಸಕ್ಕೆ ಸೇರಿದ್ದರು. ಕಾಗದ ಸುತ್ತುತ್ತಲೇ ಕಣ್ಣು ಬಾಣಲೆಯ ಮೇಲೆ. ಹಳೆಯ ಪಾಕದ ಯಜಮಾನರಿಗೆ ಜ್ವರ ಬಂದ ಒಂದು ದಿನ, "ನಾನು ನೋಡ್ತೀನಿ" ಎಂದು ಸೌಟು ಹಿಡಿದವರು ಮೂವತ್ತು ವರ್ಷ ಬಿಡಲಿಲ್ಲ. ಊರಿಗೆಲ್ಲ ಅವರು ಪಾಕಮ್ಮ.

ಪಾಕಮ್ಮನ ಕೋಣೆಗೆ ಒಂದೇ ಕಾನೂನು. ಕುದಿಯುವ ಪಾಕಕ್ಕೆ ಅವರ ಮರದ ಸೌಟು, ಅವರ ಬೆರಳು ಬಿಟ್ಟು ಬೇರೇನೂ ಮುಟ್ಟಕೂಡದು. ಒಂದು ಹರಳು ಸಕ್ಕರೆಯೋ ಕಸವೋ ಬಿದ್ದರೆ ಸಾಕು, ಗಾಜಿನಂತಿರಬೇಕಾದ ಪಾಕ ಪೂರ್ತಿ ಮರಳುಗಟ್ಟಿಬಿಡುತ್ತದೆ. ಒಮ್ಮೆ ಯಾರೋ ಕಬ್ಬಿಣದ ಚಮಚ ಅದ್ದಿದ್ದಕ್ಕೆ ಇಡೀ ಬಾಣಲೆ ಕೆಟ್ಟಿತ್ತಂತೆ. ಅಂದಿನಿಂದ ಆ ಕಾನೂನನ್ನು ಮಾಲೀಕರೂ ಮೀರಿರಲಿಲ್ಲ.

ಮದುವೆಯಾಗಿ ಎರಡು ವರ್ಷವಾಗಿತ್ತು. ಒಂದು ಸಂಜೆ ಅತ್ತೆ ಒಲೆಯ ಮೇಲಿದ್ದ ಚಹಾದ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದು ಆರಾಮಾಗಿ ನಿಂತಿದ್ದನ್ನು ಸೊಸೆ ನೋಡಿದಳು. ಓಡಿಹೋಗಿ ಕಿತ್ತುಕೊಂಡಳು. ಬೆರಳ ತುದಿ ಕೆಂಪಾಗಿ ಬೊಬ್ಬೆಯೆದ್ದಿತ್ತು, ಅತ್ತೆಗೆ ಗೊತ್ತೇ ಇಲ್ಲ.

"ಯಾವಾಗಿಂದ ಅತ್ತೆ?"

"ಏನು ಯಾವಾಗಿಂದ?"

"ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಯಾವಾಗಿಂದ ಬೆರಳು ಜೋಮು ಹಿಡಿದಿದೆ?"

ಆರು ತಿಂಗಳು. ರಕ್ತದಲ್ಲಿ ಸಕ್ಕರೆ ಏರಿದೆ, ನರ ಸೊರಗಿದೆ ಎಂದರು ಡಾಕ್ಟರು. "ಮೂವತ್ತು ವರ್ಷ ನಾನು ಸಕ್ಕರೆ ಬೇಯಿಸಿದೆ, ಈಗ ಅದು ನನ್ನನ್ನ ಬೇಯಿಸ್ತಿದೆ" ಎಂದು ಅತ್ತೆ ನಕ್ಕರು. ಆದರೆ ನಗು ತುಟಿ ದಾಟಿ ಕಣ್ಣಿಗೆ ಬರಲಿಲ್ಲ. ಆ ತಿಂಗಳಲ್ಲಿ ಏಳು ಬಾಣಲೆ ಕೆಟ್ಟಿದ್ದವು. ಬೇಗ ಇಳಿಸಿದರೆ ಪೆಪ್ಪರಮೆಂಟು ಹಲ್ಲಿಗೆ ಅಂಟುವ ಮೇಣ, ತಡವಾದರೆ ಕಂದು ಬಣ್ಣ, ಕಹಿ. ಕೊನೆಯ ಅರ್ಧ ನಿಮಿಷವನ್ನು ಹಿಡಿಯುತ್ತಿದ್ದದ್ದು ಆ ಮೂರು ಬೆರಳು. "ಹಲ್ಲಲ್ಲಿ ಕಡಿದು ನೋಡೋಣ ಅಂದ್ರೆ ಹಲ್ಲು ಬೆರಳಿಗಿಂತ ಮೊದಲೇ ಕೆಲಸ ಬಿಟ್ಟಿದೆ. ಹನಿ ಆರಿಸಿ ಕಲ್ಲಿಗೆ ಕುಟ್ಟಿ ಸದ್ದು ಕೇಳಬಹುದು. ಆದ್ರೆ ಅದು ಆರೋಷ್ಟರಲ್ಲಿ ಬಾಣಲೆ ಮುಂದಿನೂರಿಗೆ ಹೋಗಿರುತ್ತೆ."

ಮಾಲೀಕರು ಕೆಟ್ಟವರಲ್ಲ. ಸೋಮವಾರ ಬಂದು ನಿಂತು, ನೆಲ ನೋಡುತ್ತ ಹೇಳಿದರು. "ಪಾಕಮ್ಮ, ಒಂದು ಥರ್ಮಾಮೀಟರು ತರಿಸಿದೀನಿ. ಇದರಿಂದ ಆಗುತ್ತಾ ನೋಡಿ. ಶನಿವಾರ ಒಂದಾದ ಮೇಲೊಂದು ಮೂರು ಬಾಣಲೆ ಚೆನ್ನಾಗಿ ಬಂದ್ರೆ ಸರಿ. ಇಲ್ಲಾಂದ್ರೆ ಪಾಕಕ್ಕೆ ಬೇರೆಯವರು ಬರ್ತಾರೆ. ನಿಮ್ಮನ್ನ ಮನೆಗೆ ಕಳಿಸಲ್ಲ. ಕಾಗದ ಸುತ್ತೋಕೆ ಕೂತ್ಕೊಳ್ಳಿ."

ಮನೆಗೆ ಹೋಗಿ ಅಂದಿದ್ದರೆ ಅತ್ತೆ ಜಗಳವಾಡುತ್ತಿದ್ದರೇನೋ. ಕಾಗದ ಸುತ್ತಿ ಅಂದದ್ದಕ್ಕೆ ಸೌಟು ತೊಳೆದಿಟ್ಟು ಮನೆಗೆ ಬಂದುಬಿಟ್ಟರು. ಮೂವತ್ತು ವರ್ಷ ಹಿಂದಕ್ಕೆ ನಡೆ ಎಂದಂತೆ ಇತ್ತು ಅದು.

ಶಾಲೆಗೆ ರಜೆ. ಸೊಸೆ ಮರುದಿನವೇ ಅತ್ತೆಯ ಜೊತೆ ಕಾರ್ಖಾನೆಗೆ ಹೋದಳು. ಥರ್ಮಾಮೀಟರು ಗಾಜಿನದಲ್ಲ. ಮೊಳದುದ್ದದ ಉಕ್ಕಿನ ಕಡ್ಡಿ, ಮೇಲೆ ಗಡಿಯಾರದಂಥ ಮುಖ, ಇನ್ನೂರರವರೆಗೆ ಅಂಕಿ, ಕೆಂಪು ಮುಳ್ಳು. ಬರೀ ನೀರು ಕುದಿಸಿ ನೋಡಿದಳು. ಮುಳ್ಳು ಸರಿಯಾಗಿ ನೂರಕ್ಕೆ ನಿಂತಿತು. "ನೋಡಿ ಅತ್ತೆ, ಸತ್ಯವಂತ!" ಎಂದು ಕುಣಿದಳು. ಇನ್ನು ಪಾಕ ಎಷ್ಟಕ್ಕೆ ಬರುತ್ತದೆಂದು ಕಂಡುಕೊಂಡರೆ ಆಯಿತು!

ಕಾನೂನು ಇತ್ತಲ್ಲ? ಪಾಕಕ್ಕೆ ಏನೂ ಮುಟ್ಟಕೂಡದು. ಪೆಪ್ಪರಮೆಂಟಿನ ಹುರಿಯನ್ನು ತುಂಡು ಮಾಡುವ ಕತ್ತರಿಯಣ್ಣ ಬಲು ಮುತುವರ್ಜಿಯಿಂದ ಗೂಡಿಗೆ ಒಂದು ಕೊಂಡಿ ಹೊಡೆದು, ಕಡ್ಡಿಯ ತುದಿ ಪಾಕದಿಂದ ನಾಲ್ಕು ಬೆರಳು ಮೇಲೆ, ದಟ್ಟ ಹಬೆಯಲ್ಲಿ ಇರುವಂತೆ ತೂಗುಹಾಕಿದ. "ಹಾವೂ ಸತ್ತೋಯ್ತು, ಕೋಲೂ ಮುರೀಲಿಲ್ಲ" ಎಂದು ಬೆನ್ನು ತಟ್ಟಿಕೊಂಡ. ಸೊಸೆಗೂ ಅದು ಸರಿಯೆಂದೇ ಕಂಡಿತು. ಅವಳ ಪುಸ್ತಕದ ಚಿತ್ರದಲ್ಲೂ ನೀರಿನ ಕುದಿ ಅಳೆಯುವಾಗ ಥರ್ಮಾಮೀಟರಿನ ಬುರುಡೆ ಹಬೆಯಲ್ಲೇ ಇತ್ತು.

ಬಾಣಲೆ ಕುದಿಯಿತು. ಮುಳ್ಳು ಏರಿತು. ತೊಂಬತ್ತು, ತೊಂಬತ್ತೈದು, ನೂರರ ಹತ್ತಿರ. ಅಲ್ಲಿಗೆ ನಿಂತಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಪಾಕ ಗಟ್ಟಿಯಾಯಿತು, ಗುಳ್ಳೆ ದಪ್ಪವಾಯಿತು, ಮುಳ್ಳು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಪಾಕ ಕಂದಾಗುವ ಹೊತ್ತಿಗೆ ಮುಳ್ಳು ತೊಂಬತ್ತಕ್ಕೆ ಇಳಿಯಿತು!

"ಒಲೆ ಉರೀತಿದೆ, ಇದಕ್ಕೆ ಚಳಿ ಆಗ್ತಿದೆ" ಎಂದ ಕತ್ತರಿಯಣ್ಣ. ಎಲ್ಲರೂ ನಕ್ಕರು. ಬುಧವಾರವೂ ಅದೇ ಕಥೆ. ಮಾಲೀಕರು ಬಾಗಿಲಲ್ಲಿ ಇಣುಕಿ, ಕೆಟ್ಟ ಪಾಕವನ್ನು ನೋಡಿ ಹೋದರು.

ಗುರುವಾರ ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಸೊಸೆ ಮುಖ ಊದಿಸಿಕೊಂಡು ಕೂತಿದ್ದಳು. "ಸಕ್ಕರೆ ಕರಗಿದ್ರೆ ಕುದಿಯೋ ಬಿಸಿ ಏರಲೇಬೇಕು ಅತ್ತೆ. ಪುಸ್ತಕ ಸುಳ್ಳು ಹೇಳಲ್ಲ."

"ಪುಸ್ತಕ ಬರೆದೋನು ನನ್ನ ಬಾಣಲೆ ನೋಡಿಲ್ಲ ಬಿಡು. ಮೂವತ್ತು ವರ್ಷ ಆ ಹಬೆ ನನ್ನ ಮುಖಕ್ಕೆ ಹೊಡೆದಿದೆ. ಒಂದು ದಿನ ತುಟಿ ಸಿಹಿ ಆಗಿಲ್ಲ. ಗೂಡಿನಿಂದ ಹನಿ ತೊಟ್ಟಿಕ್ಕುತ್ತಲ್ಲ, ನೆಕ್ಕಿ ನೋಡು. ಸಪ್ಪೆ ನೀರು."

ಸೊಸೆ ಲೋಟವನ್ನು ಪಕ್ಕಕ್ಕಿಟ್ಟಳು. ಇಟ್ಟಳೋ ಬಿಟ್ಟಳೋ, ಚಹಾ ಅರ್ಧ ಚೆಲ್ಲಿತು.

"ಏನಂದ್ರಿ ಅತ್ತೆ? ಇನ್ನೊಂದ್ಸಲ ಹೇಳಿ!"

"ಸಪ್ಪೆ ನೀರು ಅಂದೆ."

"ಸಪ್ಪೆ! ಅತ್ತೆ, ಹಬೆಯಲ್ಲಿ ಸಕ್ಕರೆ ಇಲ್ಲ! ಅದು ಬರೀ ನೀರು! ನಾವು ಎರಡು ದಿನದಿಂದ ಬರೀ ನೀರಿನ ಬಿಸಿ ಅಳೀತಿದೀವಿ! ಆ ಹಬೆ ಕಡ್ಡಿ ಮೇಲೆ ಹನಿಯಾಗಿ ಕೂತ್ರೆ ನೂರೇ ತೋರಿಸೋದು, ಇನ್ನೇನು ತೋರಿಸುತ್ತೆ? ಕೊನೇಲಿ ಹಬೆನೇ ಕಡಿಮೆ ಆಯ್ತು, ಮುಳ್ಳು ಇಳೀತು! ಸಕ್ಕರೆ ಇರೋದು ಕೆಳಗೆ, ಬಿಸಿ ಇರೋದೂ ಕೆಳಗೆ!"

ಕೊಂಡಿಯಿಂದ ಕಳಚಿ ಮನೆಗೆ ತಂದಿದ್ದ ಥರ್ಮಾಮೀಟರು ಚೀಲದಲ್ಲಿಯೇ ಇತ್ತು. ಅವಳು ಒಂದು ಲೀಟರು ನೀರು ಒಲೆಗಿಟ್ಟು, ನಾಲ್ಕು ಹಿಡಿ ಉಪ್ಪು ಸುರಿದಳು. "ಅಯ್ಯೋ, ಒಂದು ತಿಂಗಳ ಉಪ್ಪು!" ಎಂದರು ಅತ್ತೆ. ಅಷ್ಟರಲ್ಲಿ ಮಗನೂ ಡ್ಯೂಟಿ ಮುಗಿಸಿ ಬಂದ. ನೀರು ಮರಳತೊಡಗಿತು. ಕಡ್ಡಿಯನ್ನು ನೀರಿನಲ್ಲಿ ಅದ್ದಿದಳು. ನೂರಾ ನಾಲ್ಕು. ಮೇಲಕ್ಕೆತ್ತಿ, ತಟ್ಟೆ ಅಡ್ಡ ಹಿಡಿದು ಹಬೆಯಲ್ಲಿ ಇಟ್ಟಳು. ಮುಳ್ಳು ಮೆಲ್ಲಗೆ ಜಾರಿತು. ನೂರು. ಮತ್ತೆ ಅದ್ದಿದಳು. ನೂರಾ ನಾಲ್ಕು! ಅತ್ತೆ ಅವಳ ಕೈಯಿಂದ ಕಡ್ಡಿ ಕಸಿದುಕೊಂಡು ತಾವೇ ಮೂರು ಸಲ ಅದ್ದಿ ಎತ್ತಿದರು.

"ಉಪ್ಪು ಹಾಕಿದ್ರೆ ನೀರಿಗೇನು ಸಂಕಟ? ಸುಮ್ಮನೆ ನೂರಕ್ಕೆ ಹೋಗಬಾರದಾ?" ಎಂದು ಕೇಳಿದ ಮಗ.

"ನಿಮ್ಮ ಬಸ್ಸಿನ ಕಥೆನೇ" ಎಂದಳು ಸೊಸೆ. "ಇಳಿಯೋರು ನೀರು, ಇಳಿಯದೆ ಇರೋರು ಸಕ್ಕರೆ, ಉಪ್ಪು. ಬಾಗಿಲ ಹತ್ತಿರ ಇಳಿಯದೆ ಇರೋರೇ ಜಾಗ ಹಿಡಿದು ನಿಂತ್ರೆ?"

"ಇಳಿಯೋರು ಜಾಸ್ತಿ ನೂಕಬೇಕು!"

"ಆ ನೂಕುವ ಬಲವೇ ಬಿಸಿ. ನಿಂತವರು ಜಾಸ್ತಿ ಆದಷ್ಟೂ ಜಾಸ್ತಿ ಬಿಸಿ ಬೇಕು. ಬಾಣಲೆಯಲ್ಲಿ ನೀರು ಇಳಿದು ಹೋಗ್ತಾನೇ ಇರುತ್ತೆ, ಸಕ್ಕರೆ ಉಳೀತಾನೇ ಇರುತ್ತೆ. ಮುಳ್ಳು ಎಲ್ಲಿದೆ ಅಂದ್ರೆ, ಒಳಗೆ ನೀರು ಎಷ್ಟು ಉಳಿದಿದೆ ಅಂತ ಲೆಕ್ಕ. ಅತ್ತೆಯ ಬೆರಳು ಹೇಳ್ತಿದ್ದದ್ದೂ ಅದನ್ನೇ!"

ಅತ್ತೆ ಕಡ್ಡಿಯನ್ನೇ ನೋಡುತ್ತಿದ್ದರು. "ಅಂದ್ರೆ ಇದು ಪಾಕದ ಒಳಗೆ ಹೋಗಬೇಕು."

"ಹೌದು ಅತ್ತೆ."

"ನನ್ನ ಕಾನೂನು?"

ಅದು ಅವಳು ಮುರಿಯಬಹುದಾದ ಕಾನೂನಾಗಿರಲಿಲ್ಲ. ಕಡ್ಡಿಯ ಮೇಲೆ ಒಂದು ಹರಳು ಕೂತರೂ ಬಾಣಲೆ ಹಾಳು ಎಂಬುದು ಸುಳ್ಳೂ ಅಲ್ಲ.

"ಚಮಚ ಒಣಗಿತ್ತು, ಅದಕ್ಕೆ ಸಕ್ಕರೆ ಅಂಟಿತ್ತು. ಅದೂ ಕುದಿಯೋವಾಗ ಅದ್ದಿದ್ದು" ಎಂದು ಅತ್ತೆ ತಮಗೆ ತಾವೇ ಅಂದುಕೊಂಡರು. "ಇದನ್ನ ಬಿಸಿನೀರಲ್ಲಿ ತೊಳೆದು, ಸಕ್ಕರೆ ಪೂರ್ತಿ ಕರಗಿದ ಮೇಲೆ, ಕುದಿ ಬರೋಕೆ ಮುಂಚೆ ಇಳಿಬಿಟ್ರೆ? ಒದ್ದೆ ಬ್ರಷ್ಷಲ್ಲಿ ಬಾಣಲೆ ಅಂಚು ತೊಳೆಯೋ ಹಾಗೆ ಕಡ್ಡಿನೂ ತೊಳೀತಾ ಇದ್ರೆ?" ಸೊಸೆಯ ತಲೆಗೆ ಮೊಟಕಿದರು. "ನಾಳೆ ಬೇಗ ಏಳು."

ಶುಕ್ರವಾರ ಬಾಣಲೆಯ ಮುಂದೆ ಅತ್ತೆ, ಸೊಸೆ, ಕತ್ತರಿಯಣ್ಣ, ಬಾಣಲೆ ಎತ್ತುವ ಇಬ್ಬರು ನಿಂತಿದ್ದರು. ಅತ್ತೆಯೇ ಕಡ್ಡಿ ತೊಳೆದು, ಒರೆಸದೆ, ತಳ ಮುಟ್ಟದ ಹಾಗೆ ಬಾಣಲೆಯ ಅಂಚಿಗೆ ಸಿಕ್ಕಿಸಿ ಪಾಕಕ್ಕೆ ಇಳಿಬಿಟ್ಟರು. ನೂರು. ನೂರಾ ಎರಡು. ನೂರಾ ಐದು!

"ಏರ್ತಿದೆ! ಅತ್ತೆ, ಏರ್ತಿದೆ!"

"ಕಣ್ಣಿದೆ ನನಗೆ. ಕೂಗಿದ್ರೆ ಪಾಕ ಹೆದರುತ್ತೆ!" ಎಂದರು ಅತ್ತೆ, ಅವಳಿಗಿಂತ ಜೋರಾಗಿ.

ಆದರೆ ಎಲ್ಲಿ ನಿಲ್ಲಿಸಬೇಕು? ಪುಸ್ತಕ ಒಂದು ಅಂಕಿ ಹೇಳುತ್ತಿತ್ತು. ಅತ್ತೆಗೆ ಪುಸ್ತಕದ ಅಂಕಿ ಬೇಡ, ತಮ್ಮ ಬೆರಳಿನ ಅಂಕಿ ಬೇಕು. ಸೊಸೆ ನೂರಾ ಇಪ್ಪತ್ತರಿಂದ ಹಿಡಿದು ಆಗಾಗ ಸೌಟಿನ ತುದಿಯಿಂದ ಒಂದೊಂದು ಹನಿ ತಣ್ಣೀರಿಗೆ ಬಿಟ್ಟು, ತೆಗೆದು, ಚೀಟಿಯ ಮೇಲೆ ಅಂಕಿ ಬರೆದು ಸಾಲಾಗಿ ಇಟ್ಟಳು. ಮೊದಲು ಆಮೆಯಂತೆ ನಡೆದ ಮುಳ್ಳು ನೂರಾ ಮೂವತ್ತು ದಾಟಿದ ಮೇಲೆ ಮೊಲದಂತೆ ಓಡಿತು. ಕೈ ಸಾಲದೆ ಕತ್ತರಿಯಣ್ಣನೂ ಚೀಟಿ ಬರೆದ. ನೂರಾ ಐವತ್ತೈದಕ್ಕೆ ಬಾಣಲೆ ಇಳಿಸಿದರು. ಆ ಪಾಕ ಕೆಟ್ಟಿತು, ಯಾರೂ ಅದರ ಕಡೆ ನೋಡಲಿಲ್ಲ.

ಹನಿಗಳು ಆರಿದವು. ಅತ್ತೆ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿದರು. ಕತ್ತರಿಯಣ್ಣ ಹನಿಗಳನ್ನು ಚೀಟಿ ಸಮೇತ ಅದಲುಬದಲು ಮಾಡಿ ಒಂದೊಂದನ್ನೇ ಕಲ್ಲಿನ ಮೇಲೆ ಬೀಳಿಸಿದ.

ಟಪ್. "ಹಸಿ."

ಟಪ್. "ಇದೂ ಹಸಿ, ಹಲ್ಲಿಗೆ ಅಂಟುತ್ತೆ."

ಟಣ್. "ಇದಾಗುತ್ತೆ. ಆದ್ರೆ ಅಂಚು ಒಡೆಯುತ್ತೆ, ಸ್ವಲ್ಪ ಜಾಸ್ತಿ."

ಟಿಂಗ್.

"ಇದು!" ಅತ್ತೆ ಗೋಡೆಯಿಂದ ಗಿರ್ರನೆ ತಿರುಗಿದರು. "ಇದು ನನ್ನ ಪಾಕ! ಎಷ್ಟು?"

ಸೊಸೆ ಚೀಟಿ ನೋಡಿದಳು. ನೂರಾ ನಲವತ್ತೆಂಟು. "ಕಾಕತಾಳೀಯ ಇರಬಹುದು, ಇನ್ನೊಂದ್ಸಲ" ಎಂದ ಕತ್ತರಿಯಣ್ಣ. ಮತ್ತೆ ಅದಲುಬದಲು ಮಾಡಿದರು, ಮತ್ತೆ ಬೀಳಿಸಿದರು. ಅತ್ತೆ ಮತ್ತೆ ಅದೇ ಹನಿಯನ್ನು ಹಿಡಿದರು. ಮೂರನೆಯ ಸಲವೂ ಅದೇ. ಕತ್ತರಿಯಣ್ಣ ಎರಡೂ ಕೈ ಮೇಲೆತ್ತಿ, "ಪಾಕಮ್ಮನ ಕಿವಿಗೆ ಸೋತೆ" ಎಂದ. ಸೊಸೆಗೆ ಕಣ್ಣು ತುಂಬಿ ಬಂತು. ಮದುವೆಗೂ ಮುಂಚೆ ಬೋಗುಣಿ ಹಿಡಿದು ನಿಂತಾಗ ಕೇಳಿದ "ಎಷ್ಟು ಜಾಸ್ತಿ?"ಗೆ ಉತ್ತರ ಸಿಕ್ಕಿತ್ತು. ನಲವತ್ತೆಂಟು ಡಿಗ್ರಿ ಜಾಸ್ತಿ.

ಶನಿವಾರ ಮಾಲೀಕರು ಕುರ್ಚಿ ಹಾಕಿಸಿಕೊಂಡು ಕೂತರು. ಮೊದಲ ಬಾಣಲೆ ಬೆಣ್ಣೆಯಿಂದ ಕೂದಲು ತೆಗೆದಂತೆ ಇಳಿಯಿತು. ಎರಡನೆಯದರಲ್ಲಿ ಮುಳ್ಳು ನೂರಾ ಆರರ ಹತ್ತಿರ ಕೂತುಬಿಟ್ಟಿತು. "ಕೆಟ್ಟಿತಾ?" ಎಂದು ಮಾಲೀಕರು ಎದ್ದೇ ನಿಂತರು. "ಇನ್ನೂ ಬಸ್ಸು ತುಂಬ ಇಳಿಯೋ ಜನ ಇದಾರೆ ಸ್ವಾಮಿ, ಇಳೀಲಿ" ಎಂದರು ಅತ್ತೆ. ಮಾಲೀಕರಿಗೆ ಏನೂ ತಿಳಿಯಲಿಲ್ಲ. ಆದರೆ ಹತ್ತು ನಿಮಿಷದಲ್ಲಿ ಮುಳ್ಳು ಓಡತೊಡಗಿದಾಗ ಅವರೂ ಬಗ್ಗಿ ನೋಡುತ್ತ, "ನಲವತ್ತು! ನಲವತ್ತೆರಡು!" ಎಂದು ಎಣಿಸತೊಡಗಿದರು.

ಮೂರನೆಯ ಬಾಣಲೆಗೆ ಅತ್ತೆ ಉರಿಯನ್ನು ಸ್ವಲ್ಪ ಜೋರು ಮಾಡಿದ್ದರು. ಮುಳ್ಳು ನೂರಾ ನಲವತ್ತಾರು ಮುಟ್ಟುತ್ತಲೇ "ಇಳಿಸಿ!" ಎಂದು ಕೂಗಿದರು.

"ಇನ್ನೂ ಎರಡು ಬಾಕಿ ಇದೆಯಲ್ಲ ಪಾಕಮ್ಮ!" ಮಾಲೀಕರು ಗಾಬರಿಯಾದರು.

"ಉರಿ ಜೋರಿತ್ತು. ತಾಮ್ರದೊಳಗೆ ಕೂತಿರೋ ಬಿಸಿ ಎಲ್ಲಿ ಹೋಗುತ್ತೆ?"

ಒಲೆಯಿಂದ ಎತ್ತಿದ ಬಾಣಲೆಯಲ್ಲಿ ಮುಳ್ಳು ಇನ್ನೂ ತೆವಳಿತು. ನಲವತ್ತೇಳು. ನಲವತ್ತೆಂಟು. ನಿಂತಿತು. ಕತ್ತರಿಯಣ್ಣ ಸಿಳ್ಳೆ ಹಾಕಿದ. ಆ ಸಂಜೆ ಮಾಲೀಕರು ಮೂರು ಬಾಣಲೆಯಿಂದಲೂ ಒಂದೊಂದು ಪೆಪ್ಪರಮೆಂಟು ಬಾಯಿಗೆ ಹಾಕಿ, ಮೂರನ್ನೂ ಕಟುಂ ಎಂದು ಕಡಿದರು. "ಮುಳ್ಳು ಯಾರು ಬೇಕಾದ್ರೂ ನೋಡಬಹುದು ಅಂದ್ಕೊಂಡಿದ್ದೆ. ಎರಡು ಮುಂಚೆ ಇಳಿಸೋದು ಯಾರಿಗೂ ಬರಲ್ಲ. ಸೋಮವಾರ ಬೇಗ ಬನ್ನಿ ಪಾಕಮ್ಮ" ಎಂದರು.

ಇದೆಲ್ಲ ನಡೆದು ನಾಲ್ಕು ವರ್ಷವಾಯಿತು. ಅತ್ತೆ ಈಗ ಬೆರಳನ್ನು ಪಾಕಕ್ಕೆ ಹಾಕುವುದಿಲ್ಲ, ಡಾಕ್ಟರು ಕೊಟ್ಟ ಮಾತ್ರೆ ತಪ್ಪಿಸುವುದಿಲ್ಲ. ಕಾಗದ ಸುತ್ತುವ ಮೇಜಿನಿಂದ ಬಂದ ಇಬ್ಬರು ಹೆಂಗಸರಿಗೆ ಕೆಲಸ ಕಲಿಸುತ್ತ, ದಿನಕ್ಕೆ ಐದು ಬಾಣಲೆ ಪಾಕ ಇಳಿಸುತ್ತಾರೆ.